ಜ್ಯೂಸಪ್ಪನ ಲಿಫ್ಟು

ಮೊನ್ನೆ ಮಗಳು ಹೈಸ್ಕೂಲಿನ ವಾಲಿಬಾಲ್ ಮ್ಯಾಚು ಮುಗಿಸಿ ಬಂದವಳೇ ಬ್ಯಾಗನ್ನು ಸೋಫಾದ ಮೇಲೆ ಎಸೆದು, "ಅಪ್ಪಾ, ದೆ ಕಾಲ್ಡ್ ಎ ಲಿಫ್ಟ್ ಆನ್ ಮಿ. ತ್ರೀ ಟೈಮ್ಸ್!" ಎಂದಳು. ನಾನು ಕಾಫಿ ಲೋಟ ಕೆಳಗಿಟ್ಟು, "ಶಹಬ್ಬಾಸ್ ಕಣೇ! ಮೂರು ಲಿಫ್ಟಾ? ಹೊಡೆದೋರು ಯಾರು?" ಎಂದೆ.

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಹರಳೆಣ್ಣೆ ಕುಡಿಸಿದವರನ್ನು ಮಕ್ಕಳು ಹಾಗೆ ನೋಡುತ್ತವೆ. "ಯೂ ಆರ್ ಇಂಪಾಸಿಬಲ್" ಎಂದು ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಬಡಿದುಕೊಂಡಳು.

ಅಡುಗೆಮನೆಯಿಂದ ಸುಧಾಳ ದನಿ ಬಂತು. "ರೀ, ಇನ್ನೂ ಬುದ್ಧಿ ಬಂದಿಲ್ವಾ ನಿಮಗೆ? ಇದೇ ಮಾತಿಂದ ಒಬ್ಬನ ಹೊಟ್ಟೆ ಮೇಲೆ ಹೊಡೆಯೋಕ್ ಹೋಗಿದ್ರಿ. ಮರ್ತೇ ಹೋಯ್ತಾ?"

ಮರೆತಿಲ್ಲ. ಹೆಂಡತಿ ಪಕ್ಕದಲ್ಲಿರುವಾಗ ಗಂಡನಾದವನು ತನ್ನ ತಪ್ಪನ್ನು ಮರೆಯುವ ಸಾಧ್ಯತೆ ಕಡಿಮೆ. ಆದರೆ ನಾಲಿಗೆಗೆ ಹಳೆಯ ಚಾಳಿ. ಲಿಫ್ಟ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅದು ನನ್ನ ಮಟ್ಟಿಗೆ ಹೊಗಳಿಕೆಯೇ.

ಓದುಗರಲ್ಲಿ ಕೆಲವರು ಲಿಫ್ಟ್ ಎಂದರೆ ಬೆಂಗಳೂರಿನ ಕಟ್ಟಡಗಳದ್ದು ಎಂದುಕೊಂಡಿರಬಹುದು. ಅದರ ಪರಿಚಯವೂ ನನಗಿದೆ. ಮೊದಲ ಇಂಟರ್‌ವ್ಯೂಗೆ ಹೋದಾಗ ಆ ಪೆಟ್ಟಿಗೆಯೊಳಗೆ ಹೊಕ್ಕರೆ ಹೊರಬರುವುದು ಹೇಗೆಂದು ಗೊತ್ತಾಗದೆ ಆರು ಮಹಡಿ ನಡೆದೇ ಹತ್ತಿದ್ದೆ. ಬೆವರಿಳಿಸಿಕೊಂಡು ಒಳಗೆ ಹೋದವನನ್ನು ನೋಡಿ ಪಾಪ, ಹೆದರಿದ್ದಾನೆ ಎಂದು ನೀರು ಕೊಟ್ಟರು. ಕೆಲಸವನ್ನೂ ಕೊಟ್ಟರು. ಆದರೆ ನಾನು ಹೇಳಹೊರಟಿರುವುದು ಅದಕ್ಕಿಂತ ಹಳೆಯ ಲಿಫ್ಟು, ವಾಲಿಬಾಲಿನದು.

ಪಾಂಡವಪುರದ ಹತ್ತಿರದ ನಮ್ಮೂರಿನ ವಾಲಿಬಾಲಿನಲ್ಲಿ ಇದ್ದದ್ದು ಎರಡೇ ಜಾತಿ, ಹೊಡೆಯುವವರು ಮತ್ತು ಎತ್ತಿಕೊಡುವವರು. ಎತ್ತಿಕೊಡುವವನಿಗೆ ಲಿಫ್ಟರ್ ಎಂದು ಹೆಸರು. ಬಲೆಯ ಪಕ್ಕದಲ್ಲಿ ನಿಂತು, ಬಂದ ಚೆಂಡನ್ನು ಹತ್ತು ಬೆರಳ ತುದಿಯಿಂದ ಮೇಲಕ್ಕೆ ಚಿಮ್ಮಿಸುವುದು ಅವನ ಕೆಲಸ. ಎತ್ತರದವನೊಬ್ಬ ಓಡಿಬಂದು, ಹಾರಿ, ಅದನ್ನು ಎದುರಿನವರ ಮುಖಕ್ಕೆ ಬಡಿಯುತ್ತಾನೆ. ಊರೆಲ್ಲ ಚಪ್ಪಾಳೆ ತಟ್ಟುವುದು ಬಡಿದವನಿಗೆ. ಚೆಂಡು ಹೊರಗೆ ಹೋದರೆ ಬೈಗುಳ ಎತ್ತಿಕೊಟ್ಟವನಿಗೆ. ನಾನು ಐದಡಿ ನಾಲ್ಕಂಗುಲ, ಆದ್ದರಿಂದ ನನ್ನ ಜಾತಿ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಚೆಂಡು ಬೇಕಾದವರು ನನ್ನ ಹೆಸರನ್ನೂ ಕರೆಯುತ್ತಿರಲಿಲ್ಲ. "ಲಿಫ್ಟ್! ಲಿಫ್ಟ್!" ಎಂದು ಆಟೋ ಕರೆದ ಹಾಗೆ ಕೂಗುತ್ತಿದ್ದರು.

ಅಪ್ಪ ಅದೇ ಊರಿನ ಹೈಸ್ಕೂಲಿನಲ್ಲಿ ಜವಾನ. ಗಂಟೆ ಹೊಡೆಯುವುದು, ಹಾಜರಿ ಪುಸ್ತಕ ಹೊರುವುದು, ಮೇಷ್ಟ್ರುಗಳಿಗೆ ಟೀ ತರುವುದು. ಆಟದ ಸಾಮಾನಿನ ಕೋಣೆಯ ಬೀಗದ ಕೈ ಅವರ ಸೊಂಟದಲ್ಲಿ ಇರುತ್ತಿತ್ತು. ನನಗೆ ತಂಡದಲ್ಲಿ ಜಾಗ ಸಿಕ್ಕಿದ್ದು ನನ್ನ ಕೈಯಿಂದಲ್ಲ, ಆ ಬೀಗದ ಕೈಯಿಂದ ಎಂದು ಗೆಳೆಯರು ಹೇಳುತ್ತಿದ್ದರು. ಪೂರ್ತಿ ಸುಳ್ಳೇನಲ್ಲ. ನಾನು ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕದಲ್ಲಿ ಗಣಿತದಲ್ಲಿ ಗೋತಾ ಹೊಡೆದ ದಿನ ಅಪ್ಪ ಮೈದಾನಕ್ಕೇ ಬಂದು, ಎಲ್ಲರೆದುರು, "ಚೆಂಡ್ ಎತ್ತಿದ್ದು ಸಾಕು ಕಣ್ಲಾ ಮಗಾ. ವಸಿ ಪುಸ್ತಕವ ಎತ್ತು" ಎಂದರು.

ಎತ್ತಿದೆ. ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲ ಪ್ರಾಣಿ ನಾನು. ಆಮೇಲೆ ಮಂಡ್ಯದಲ್ಲಿ ಬಿ.ಇ., ಎಲೆಕ್ಟ್ರಾನಿಕ್ಸ್, ಫಸ್ಟ್ ಕ್ಲಾಸು. ಸ್ಪೋರ್ಟ್ಸ್ ಕೋಟಾದ ಸೀಟಲ್ಲ. ಇದನ್ನು ಯಾರೂ ಕೇಳದೆ ಇದ್ದರೂ ನಾನಾಗಿ ಹೇಳುತ್ತೇನೆ, ಈಗಲೂ ಹೇಳಿದೆ. ಡಿಗ್ರಿ ಸರ್ಟಿಫಿಕೇಟು ಮನೆಗೆ ಬಂದ ದಿನ ಅಪ್ಪ ಅದನ್ನು ಸೈಕಲ್ಲಿನಲ್ಲಿ ಪಾಂಡವಪುರಕ್ಕೆ ಒಯ್ದು ಲ್ಯಾಮಿನೇಶನ್ ಮಾಡಿಸಿಕೊಂಡು ಬಂದರು, ಗೆದ್ದಲು ಹಿಡಿಯಬಾರದೆಂದು. ಮುಂದೆ ಅಮೆರಿಕಕ್ಕೆ ಹೊರಡಲು ಅದರ ಹಿಂಬದಿಗೆ ಸರ್ಕಾರದ ಮೊಹರು ಹಾಕಿಸಬೇಕಾಗಿ ಬಂದಾಗ ಮೊಹರು ಪ್ಲಾಸ್ಟಿಕ್ಕಿನ ಮೇಲೆ ನಿಲ್ಲದೆ ಜಾರಿತು. ಇಡೀ ಮಧ್ಯಾಹ್ನ ಬ್ಲೇಡಿನಿಂದ ಅದರ ಚರ್ಮ ಸುಲಿಯುತ್ತಾ ಕೂತಿದ್ದೆ.

ಹೀಗೆ ಸುಲಿದ ಸರ್ಟಿಫಿಕೇಟಿನ ಬಲದಿಂದ ಡಾಟ್ ಕಾಮ್ ಕಾಲದಲ್ಲಿ ನಾನು ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ನಿನ ಒಂದು ಕಂಪನಿಗೆ ಬಂದು ಬಿದ್ದೆ. ಇಂಟರ್ನೆಟ್ಟಿನಲ್ಲಿ ವಿಡಿಯೋ ಕಳಿಸುತ್ತೇವೆ ಎಂದು ಹೇಳಿಕೊಳ್ಳುವ ಕಂಪನಿ. ಆಗಿನ ಇಂಟರ್ನೆಟ್ಟಿನಲ್ಲಿ ಒಂದು ಫೋಟೋ ಇಳಿಯುವಷ್ಟರಲ್ಲಿ ಅನ್ನ ಬೇಯುತ್ತಿತ್ತು. ಆದರೂ ನಮ್ಮ ಮೇಲೆ ಎಲ್ಲರಿಗೂ ನಂಬಿಕೆ. ಸುತ್ತಲಿನ ಊರುಗಳೆಲ್ಲ ಸೇರಿ ಇಡೀ ಬೇ ಏರಿಯಾವೇ ನಂಬಿಕೆಯ ಮೇಲೆ ನಿಂತಿದ್ದ ವರ್ಷಗಳವು. ಯಾರನ್ನು ಕೇಳಿದರೂ ಇನ್ನೆರಡು ವರ್ಷದಲ್ಲಿ ರಿಟೈರಾಗಿ ಸರಟೋಗಾದ ಗುಡ್ಡದ ಮೇಲೆ ಮನೆ ಎನ್ನುತ್ತಿದ್ದರು. ಹಾಗೆಂದವರೆಲ್ಲ ಇವತ್ತಿಗೂ ಬೆಳಿಗ್ಗೆ ಏಳಕ್ಕೆ ಫ್ರೀವೇಯಲ್ಲಿ ಸಿಗುತ್ತಾರೆ.

ಶನಿವಾರ ಬೆಳಿಗ್ಗೆ ಮಾತ್ರ ನಾವು ಮನುಷ್ಯರಾಗುತ್ತಿದ್ದೆವು. ಹತ್ತಿರದ ಹೇವರ್ಡಿನಲ್ಲಿ ಗೋಡೌನುಗಳ ಸಾಲಿನ ಹಿಂದೆ ಒಂದು ಪಾರ್ಕು. ಅಲ್ಲಿ ಬಲೆ ಕಟ್ಟಿ ಏಳೆಂಟು ಜನ ಕನ್ನಡದವರು ವಾಲಿಬಾಲ್ ಆಡುತ್ತಿದ್ದೆವು. ನಮ್ಮ ಹೊಡೆಯುವವನು ಹುಬ್ಬಳ್ಳಿಯ ಬಸವರಾಜ. ಕಾಲೇಜಿನಲ್ಲಿ ಯೂನಿವರ್ಸಿಟಿ ಆಡಿದವನಂತೆ. ಅದಾದ ಮೇಲೆ ಹದಿನೈದು ವರ್ಷ ಊಟವನ್ನೂ ಅಷ್ಟೇ ನಿಷ್ಠೆಯಿಂದ ಆಡಿದ್ದ. ಅವನು ಹಾರಿದಾಗ ಕಾಲು ಎರಡಂಗುಲ ಮೇಲೇಳುತ್ತಿತ್ತು, ಹೊಟ್ಟೆ ಇನ್ನೂ ಒಂದಂಗುಲ ಹೆಚ್ಚು. ನಾನು ಎತ್ತಿಕೊಟ್ಟ ಹತ್ತರಲ್ಲಿ ಒಂದು ಅವನ ಕೈಗೆ ಸಿಗುತ್ತಿತ್ತು. ಉಳಿದ ಒಂಬತ್ತಕ್ಕೆ, "ಏನ್ ಎತ್ತೀಯಲೇ ಇಂಜಿನಿಯರ? ಚೆಂಡೋ, ಹೆಣಾನೋ?" ಎನ್ನುತ್ತಿದ್ದ.

ಇಂಥ ತಂಡಕ್ಕೆ ಯೂಸ್ಟ್ ಬಂದದ್ದು ಸುಧಾಳ ಕಡೆಯಿಂದ.

ಸುಧಾ ಆಗ ಡಿಪೆಂಡೆಂಟ್ ವೀಸಾದಲ್ಲಿದ್ದಳು. ಎಂದರೆ ಗಂಡನನ್ನು ನೆಚ್ಚಿ ಬಂದವಳು, ಈ ದೇಶದಲ್ಲಿ ಕೆಲಸ ಮಾಡುವಂತಿಲ್ಲ. ಎಂ.ಎಸ್ಸಿ. ಕೆಮಿಸ್ಟ್ರಿ ಓದಿ, ಮೈಸೂರಿನಲ್ಲಿ ಲೆಕ್ಚರರ್ ಆಗಿದ್ದವಳು ಅಪಾರ್ಟ್‌ಮೆಂಟಿನಲ್ಲಿ ಕೂತು ಎರಡು ವರ್ಷದ ಮಗುವಿಗೆ ಬಣ್ಣ ಹೇಳಿಕೊಡುತ್ತಿದ್ದಳು. ಬುಧವಾರ ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಓದುತ್ತಾರೆ, ಅದೊಂದೇ ಹೊರಗಿನ ಗಾಳಿ. ಒಂದು ಬುಧವಾರ ನಾನು ಆಫೀಸಿನಿಂದ ಬರುತ್ತಲೇ ಹೇಳಿದಳು.

"ರೀ, ಕಥೆ ಕ್ಲಾಸಿಗೆ ಒಬ್ಬ ಗಂಡಸು ಬರ್ತಾನೆ. ಅಷ್ಟೂ ಜನ ತಾಯಂದಿರ ಮಧ್ಯೆ ಅವನೊಬ್ಬನೇ. ನನ್ ಥರಾನೇ ಡಿಪೆಂಡೆಂಟ್. ಹೆಂಡ್ತಿಗೆ ಇಲ್ಲಿ ಕೆಲಸ, ಇವನು ಮನೇಲಿ ಮಗು ನೋಡ್ಕೋತಾನೆ."

"ಗಂಡು ಡಿಪೆಂಡೆಂಟಾ?" ನಾನು ಶೂ ಬಿಚ್ಚುತ್ತಿದ್ದವನು ನಿಲ್ಲಿಸಿದೆ.

"ಯಾಕೆ, ಹೆಣ್ಣಾದ್ರೆ ಸರೀನಾ? ಹಾಲೆಂಡಿನವನು. ವಾಲಿಬಾಲ್ ಆಡ್ತಾನಂತೆ. ಶನಿವಾರ ಕರ್ಕೊಂಡ್ ಬರ್ಲಾ?"

"ಆಟ ಚೆನ್ನಾಗ್ ಬರುತ್ತಾ ಅವನಿಗೆ?"

"ಏನೋಪ್ಪ. ಮುಂಚೆ ಅದೇ ಕೆಲಸ ಮಾಡ್ತಿದ್ದೆ ಅಂದ."

ವಾಲಿಬಾಲು ಒಂದು ಕೆಲಸ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಪಿ.ಟಿ. ಮೇಷ್ಟ್ರಿರಬೇಕು ಎಂದುಕೊಂಡೆ.

ಶನಿವಾರ ನಮ್ಮ ಸಣ್ಣ ಕಾರಿನ ಮುಂದಿನ ಸೀಟಿನಿಂದ ಅವನು ಕಂತುಕಂತಾಗಿ ಹೊರಗೆ ಬಂದ. ಪೂರ್ತಿ ಬಂದ ಮೇಲೆ ಆರಡಿ ಐದಂಗುಲ. ಹೆಸರನ್ನು ಕಾಗದದ ಮೇಲೆ ಬರೆದು ತೋರಿಸಿದ. ಇಂಗ್ಲಿಷಿನ ಜೆ ಅಕ್ಷರದಿಂದ ಶುರು. ಅವರ ಕಡೆ ಅದನ್ನು 'ಯ' ಎನ್ನುತ್ತಾರಂತೆ, ಯೂಸ್ಟ್ ಅನ್ನಬೇಕಂತೆ. ಬಸವರಾಜ ಕಾಗದ ನೋಡಿ, "ಜೂಸ್ಟ್... ಜ್ಯೂಸ್... ಬಿಡ್ರಿ, ಜ್ಯೂಸಪ್ಪ" ಎಂದ. ಅಷ್ಟೇ, ನಾಮಕರಣವಾಯಿತು.

ಮುಂದಿನ ಹತ್ತು ನಿಮಿಷ ನಾನು ಏನು ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವನಿಗೆ ವಾಲಿಬಾಲ್ ಹೇಳಿಕೊಟ್ಟೆ. ಬೆರಳು ಹೀಗೆ ಅಗಲಿಸಬೇಕು, ಮೊಣಕಾಲು ಇಷ್ಟು ಬಗ್ಗಿಸಬೇಕು, ಚೆಂಡಿನ ಮೇಲೆ ಕಣ್ಣಿರಬೇಕು. ಅವನು ತಲೆದೂಗುತ್ತಾ, ಮಧ್ಯೆ ಒಂದೆರಡು ಅನುಮಾನ ಸಹ ಕೇಳುತ್ತಾ, ಒಳ್ಳೆಯ ವಿದ್ಯಾರ್ಥಿಯ ಹಾಗೆ ನಿಂತಿದ್ದ. ಪಾಠ ಮುಗಿದ ಮೇಲೆ, ನೀನೇನು ಓದಿದ್ದೀಯ ಎಂದು ಕೇಳಿದೆ. ಯಾರನ್ನು ಕಂಡರೂ ನಾನು ಮೊದಲು ಕೇಳುವುದು ಅದನ್ನೇ.

"ಹದಿನೇಳಕ್ಕೆ ಆಟಕ್ಕೆಂದು ಶಾಲೆ ಬಿಟ್ಟೆ" ಎಂದ. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ನಾನು ಅಯ್ಯೋ ಪಾಪ ಎಂಬ ಮುಖ ಮಾಡಿದೆ. ಅಪ್ಪ ಮೈದಾನಕ್ಕೆ ಬಂದು ಬೈಯಲಿಲ್ಲವೇ ಎಂದು ಕೇಳಿದೆ. ಅವನ ಅಪ್ಪ ಬಸ್ ಡ್ರೈವರಂತೆ. ಮಗ ಆಡುವ ಊರುಗಳಿಗೆ ರಜೆ ಹಾಕಿ ಬಂದು, ಗ್ಯಾಲರಿಯಲ್ಲಿ ಕೂತು, ರೆಫರಿಗಳನ್ನು ಬೈಯುತ್ತಿದ್ದರಂತೆ.

ಆಮೇಲೆ ಒಂದೊಂದಾಗಿ ಗೊತ್ತಾಯಿತು. ಹಾಲೆಂಡಿನ ಉತ್ತರದ ಒಂದು ಪಟ್ಟಣದ ಕ್ಲಬ್ಬಿನಲ್ಲಿ ಹತ್ತು ವರ್ಷ, ಜಪಾನಿನಲ್ಲಿ ಒಂದು ಕಾರ್ಖಾನೆಯ ತಂಡಕ್ಕೆ ಎರಡು ವರ್ಷ, ಇಟಲಿಯಲ್ಲಿ ನಾಲ್ಕು. ಜಪಾನಿನಲ್ಲಿ ಅವನ ಅಳತೆಯ ಹಾಸಿಗೆ ಸಿಗದೆ ಎರಡು ವರ್ಷ ಮೂಲೆಯಿಂದ ಮೂಲೆಗೆ ಮಲಗಿದ್ದನಂತೆ. ಇಟಲಿಯಲ್ಲಿ ತಂಡವನ್ನು ಸಾಕುತ್ತಿದ್ದವನು ಚೀಸ್ ವ್ಯಾಪಾರಿ. ಗೆದ್ದಾಗಲೆಲ್ಲ ಗಾಡಿ ಚಕ್ರದಷ್ಟು ಚೀಸು ಮನೆಗೆ ಬರುತ್ತಿತ್ತಂತೆ. ಕೊನೆಗೆ ನೆರೆಹೊರೆಯವರು ಇವರು ಸೋಲಲಿ ಎಂದು ಹರಕೆ ಹೊರುವಷ್ಟು. ಅಲ್ಲೇ ಮೊಣಕಾಲು ಹೋಯಿತು, ಆಪರೇಶನ್ ಆಯಿತು, ಕ್ಲಬ್ಬು ಕೈಬಿಟ್ಟಿತು. ಆಗಲೇ ಹೆಂಡತಿಗೆ ಇಲ್ಲಿ ಕೆಲಸ ಸಿಕ್ಕಿ, ಮಗುವನ್ನು ಎತ್ತಿಕೊಂಡು ಅವಳ ಹಿಂದೆ ಬಂದಿದ್ದ. ಆಟದಲ್ಲಿ ಅವನ ಜಾಗ? ಲಿಫ್ಟರ್. ಹೊಡೆಯುವವರಿಗೆ ಎತ್ತಿಕೊಡುವುದು. ಆರಡಿ ಐದಂಗುಲದವನು ನನ್ನ ಜಾತಿಯೇ ಎಂದು ತಿಳಿದು ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ.

ಆದರೆ ಇದೆಲ್ಲ ಗೊತ್ತಾದದ್ದು ಜಗಳವಾದ ಮೇಲೆ. ಮೊದಲು ಜಗಳದ ಕಥೆ.

ಆಟ ಶುರುವಾಯಿತು. ಮೊದಲ ಚೆಂಡು ಯೂಸ್ಟ್‌ನ ಕಡೆ ಹೋಯಿತು. ಬಸವರಾಜ ಓಡಿಬರುತ್ತಾ, "ಲಿಫ್ಟ್! ಲಿಫ್ಟ್!" ಎಂದು ಕೂಗಿದ. ಯೂಸ್ಟ್ ಚೆಂಡನ್ನು ಮುಟ್ಟಿದನೋ ಇಲ್ಲವೋ, ಅದು ಹೂವಿನಂತೆ ಮೇಲೆದ್ದಿತು. ಆದರೆ ಅವನು ಗಕ್ಕನೆ ನಿಂತು, ಕೈ ಎತ್ತಿ, "ಸಾರಿ" ಎಂದು, ಬಿದ್ದ ಚೆಂಡನ್ನು ಎದುರು ತಂಡಕ್ಕೆ ಉರುಳಿಸಿಬಿಟ್ಟ. ಎರಡನೆಯ ಸಲ ನಾವು ಮೂರು ಜನ ಒಟ್ಟಿಗೆ, "ಲಿಫ್ಟ್!" ಎಂದೆವು. ಮತ್ತೆ ಸಾರಿ, ಮತ್ತೆ ಚೆಂಡು ಅವರಿಗೆ. ನಾಲ್ಕನೆಯ ಸಲಕ್ಕೆ ಅವನ ಕಿವಿ ಕೆಂಪಾಗಿತ್ತು.

"ಯಾಕಲೇ ನಿಂದರ್ತಾನ ಇಂವ?" ಬಸವರಾಜ ನನ್ನನ್ನು ಕೇಳಿದ. "ಎತ್ತಂದ್ರ ಎತ್ತಿ, ಕೈ ಮುಗದು ಬಿಡಾಕತ್ತಾನ."

ಐದನೆಯದಕ್ಕೆ ಯೂಸ್ಟ್ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಮುಂದೆ ಬಂದು ನಿಂತ. "ಹದಿನಾರು ವರ್ಷ ಆಡಿದ್ದೇನೆ. ಒಂದೇ ಒಂದು ಸಲ ಒಬ್ಬ ರೆಫರಿ ನನ್ನ ಮೇಲೆ ಲಿಫ್ಟ್ ಕೊಟ್ಟ. ಆ ಮ್ಯಾಚು ಸೋತೆವು. ನೀವು ಹತ್ತು ನಿಮಿಷದಲ್ಲಿ ಐದು ಸಲ ಕೊಟ್ಟಿರಿ. ನನ್ನ ಕೈಯಲ್ಲಿ ಏನು ತಪ್ಪಿದೆ, ದಯವಿಟ್ಟು ತೋರಿಸಿ."

ಆಗ ನನಗೆ ತಿಳಿಯಿತು. ಚೆಂಡನ್ನು ಬೆರಳಿನಿಂದ ಚಿಮ್ಮಿಸಬೇಕು, ಹಿಡಿದು ಎತ್ತಬಾರದು. ಹಿಡಿದು ಎತ್ತಿದರೆ ತಪ್ಪು, ಎದುರಾಳಿಗೆ ಪಾಯಿಂಟು. ಅವನ ಲೋಕದಲ್ಲಿ ಆ ತಪ್ಪಿನ ಹೆಸರೇ ಲಿಫ್ಟ್. ನಾವು ಯಾವುದನ್ನು ಕೊಡಪ್ಪಾ ಎಂದು ಅಂಗಲಾಚುತ್ತಿದ್ದೆವೋ, ಅದು ಅವನ ಕಿವಿಗೆ ಕಳ್ಳ, ಕಳ್ಳ ಎಂದು ಕೇಳುತ್ತಿತ್ತು. ನಾನು ವಿವರಿಸಿದೆ. ಅವನು ಹುಲ್ಲಿನ ಮೇಲೆ ಕೂತು ನಗತೊಡಗಿದ. ಅಷ್ಟುದ್ದದ ಮನುಷ್ಯ ನಗುವಾಗ ಬಲು ದೂರದವರೆಗೆ ನಗು ಹರಡುತ್ತದೆ.

ಆ ಮೇಲಿನ ಶನಿವಾರಗಳಲ್ಲಿ ನಾನು ಎತ್ತುವ ಕೆಲಸ ಬಿಟ್ಟುಕೊಟ್ಟೆ. ಜ್ಯೂಸಪ್ಪ ಎತ್ತಿದ ಚೆಂಡು ಗಾಳಿಯಲ್ಲಿ ಕಾಯುತ್ತಿತ್ತು. ಸುಳ್ಳಲ್ಲ, ಬಸವರಾಜ ಬರುವವರೆಗೆ ಅದು ಕಾಯುತ್ತಿತ್ತು. ಅವನ ಹಾರುವಿಕೆ ಎಷ್ಟು, ಉಸಿರು ಎಲ್ಲಿ ಮುಗಿಯುತ್ತದೆ, ಹೊಟ್ಟೆ ಯಾವ ಕಡೆ ವಾಲುತ್ತದೆ ಎಂದೆಲ್ಲ ಲೆಕ್ಕ ಹಾಕಿ ಅಲ್ಲಿಗೇ ತಂದಿಡುತ್ತಿದ್ದ. ಬಸವರಾಜ ಹತ್ತಕ್ಕೆ ಎಂಟು ಹೊಡೆಯತೊಡಗಿದ. ಜೊತೆಗೆ ತನಗೆ ವಯಸ್ಸು ವಾಪಸ್ಸು ಬಂದಿದೆ ಎಂದು ಹೇಳಿಕೊಳ್ಳುತ್ತಾ ತಿರುಗತೊಡಗಿದ.

ಹೀಗಿರುವಾಗ ಇಟಲಿಯಿಂದ ಯೂಸ್ಟ್‌ಗೆ ಒಂದು ಫ್ಯಾಕ್ಸ್ ಬಂತು. ಎರಡನೆಯ ದರ್ಜೆಯ ಒಂದು ಕ್ಲಬ್ಬಿನ ಲಿಫ್ಟರ್ ಬೆನ್ನು ಉಳುಕಿಸಿಕೊಂಡಿದ್ದಾನೆ, ಒಂದು ಸೀಸನ್ನಿಗೆ ಆಳು ಬೇಕು. ಮೊಣಕಾಲು ಹೇಗಿದೆಯೋ ನೋಡಬೇಕು, ಆಡುವ ವಿಡಿಯೋ ಟೇಪು ಕಳಿಸು. ಅದನ್ನು ಅವನು ನಮ್ಮ ಮನೆಯ ಊಟದ ಮೇಜಿನ ಮೇಲಿಟ್ಟು, "ನನಗೆ ಮೂವತ್ತನಾಲ್ಕು. ಇದು ಹೋದರೆ ಇನ್ನು ಯಾರೂ ಕರೆಯುವುದಿಲ್ಲ. ನನಗೆ ಬೇರೆ ಏನೂ ಗೊತ್ತಿಲ್ಲ" ಎಂದ. ಹಾಗೆನ್ನುವಾಗ ಅವನ ಮಗುವಿಗೂ ನಮ್ಮ ಮಗುವಿಗೂ ಒಂದೇ ತಟ್ಟೆಯಿಂದ ಮೊಸರನ್ನ ತಿನ್ನಿಸುತ್ತಿದ್ದ.

ಸುಧಾ ಅವನ ಪರವಾಗಿ ನನಗೆ ಹೇಳಿದಳು. "ರೀ, ನಮ್ಮಿಬ್ಬರು ಡಿಪೆಂಡೆಂಟ್‌ಗಳಲ್ಲಿ ಅವನೊಬ್ಬನಿಗಾದ್ರೂ ಕೆಲಸ ಸಿಗಲಿ. ನೀವೆಲ್ಲಾ ನೆಟ್ಟಗೆ ಆಡಿ."

ನೆಟ್ಟಗೆ ಆಡುವುದು ನಮ್ಮ ಕೈಯಲ್ಲಿರಲಿಲ್ಲ, ನೆಟ್ಟಗೆ ಕಾಣುವುದಾದರೂ ಇರಲಿ ಎಂದು ಬಸವರಾಜ ಸಮವಸ್ತ್ರ ತಂದ. ಅವನ ಕಂಪನಿ ಇಂಟರ್ನೆಟ್ಟಿನಲ್ಲಿ ಕಿಟಕಿ ಪರದೆ ಮಾರುತ್ತಿತ್ತು. ಎಷ್ಟು ಪರದೆ ಮಾರಿತೋ ಗೊತ್ತಿಲ್ಲ, ಟೀ ಶರ್ಟು ಮಾತ್ರ ಹೇರಳವಾಗಿ ಹಂಚಿತು. ನೇರಳೆ ಬಣ್ಣ, ಎಲ್ಲವೂ ದೊಡ್ಡ ಸೈಜು, ಬೆನ್ನ ಮೇಲೆ 'ನಿಮ್ಮ ಕಿಟಕಿ ನಮ್ಮ ಜವಾಬ್ದಾರಿ' ಎಂದು ಇಂಗ್ಲಿಷಿನಲ್ಲಿ. ನನಗೆ ಅದು ಮೊಣಕಾಲಿನವರೆಗೆ ಬಂತು. ಯೂಸ್ಟ್‌ಗೆ ಹೊಕ್ಕುಳದವರೆಗೆ.

ಸುಧಾ ಕ್ಯಾಮೆರಾ ಹಿಡಿದಳು. ಒಂದೂವರೆ ಗಂಟೆ ಆಡಿದೆವು. ಜೀವಮಾನದಲ್ಲಿ ನಾವು ಅಷ್ಟು ಚೆನ್ನಾಗಿ ಆಡಿರಲಿಲ್ಲ. ಬಸವರಾಜನಂತೂ ಹೊಡೆದದ್ದೇ ಹೊಡೆದದ್ದು.

ಮುಂದಿನದು ನನ್ನ ಪಾಲು. ಅಮೆರಿಕದ ಟೇಪು ಯುರೋಪಿನ ಮಷೀನಿನಲ್ಲಿ ಓಡುವುದಿಲ್ಲ, ಎರಡು ಕಡೆಯ ಟೀವಿ ಪದ್ಧತಿ ಬೇರೆ ಬೇರೆ. ಇದು ಬೇರೆ ಯಾರಿಗೂ ಹೊಳೆಯಲಿಲ್ಲ, ನನಗೆ ಹೊಳೆಯಿತು. "ಇದು ನನ್ನ ಸಬ್ಜೆಕ್ಟು" ಎಂದು ಎದೆಯುಬ್ಬಿಸಿ ಟೇಪನ್ನು ಆಫೀಸಿನ ಲ್ಯಾಬಿಗೆ ಒಯ್ದೆ. ಮ್ಯಾನೇಜರ್ ಊಟಕ್ಕೆ ಹೋದ ಸಮಯ ನೋಡಿ, ಒಂದೊಂದು ದೃಶ್ಯವನ್ನೂ ಅಳೆದು, ಬಣ್ಣ ತಿದ್ದಿ, ಬೆಳಕು ತಿದ್ದಿ, ಯುರೋಪಿನ ಪದ್ಧತಿಗೆ ಇಳಿಸಿದೆ. ಚಿತ್ರ ಕನ್ನಡಿಯ ಹಾಗೆ ಬಂತು. ಸುತ್ತಮುತ್ತಲಿನ ಕ್ಯೂಬಿಕಲ್ಲುಗಳಿಗೆ ಕೇಳಿಸಬಾರದೆಂದು ನನ್ನ ಸ್ಪೀಕರಿನ ಧ್ವನಿಯನ್ನು ಮಾತ್ರ ಪೂರ್ತಿ ತಗ್ಗಿಸಿಟ್ಟಿದ್ದೆ.

ಇನ್ನು ಓದುಗರಿಗೆ ನಾನು ಹೇಳಬೇಕಾದ್ದೇನೂ ಉಳಿದಿಲ್ಲ. ಆದರೂ ಹೇಳುತ್ತೇನೆ.

ಹತ್ತು ದಿನದ ಮೇಲೆ ಯೂಸ್ಟ್ ನಮ್ಮ ಮನೆ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತಿದ್ದ. ಆ ಕ್ಲಬ್ಬಿನ ಕೋಚ್ ಫೋನ್ ಮಾಡಿದ್ದನಂತೆ. ಆ ಕೋಚ್ ಇಟಲಿಯವನಲ್ಲ, ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿ ಆಡಿ ಹೋದವನು. "ಚಿತ್ರ ಬಹಳ ಚೆನ್ನಾಗಿದೆ. ಆದರೆ ನೀನು ಚೆಂಡು ಮುಟ್ಟಿದಾಗಲೆಲ್ಲ ಮೈದಾನದಲ್ಲಿ ಇರುವವರೆಲ್ಲ ಲಿಫ್ಟ್, ಲಿಫ್ಟ್ ಎಂದು ಕೂಗುತ್ತಿದ್ದಾರೆ. ನಿನ್ನ ತಂಡದವರೇ ಕೂಗುತ್ತಿದ್ದಾರೆ. ಕ್ಯಾಮೆರಾ ಹಿಡಿದ ಹೆಂಗಸೂ ಕೂಗುತ್ತಿದ್ದಾಳೆ. ನಿನ್ನ ಕೈ ಅಷ್ಟು ಕೆಟ್ಟಿದೆಯೇ? ನನಗೆ ಇಲ್ಲಿಂದ ಸರಿಯಾಗಿ ಕಾಣುವುದಿಲ್ಲ. ಪಕ್ಕದಲ್ಲಿ ಇದ್ದವರಿಗೆ ಕಾಣುತ್ತದಲ್ಲ" ಎಂದನಂತೆ. ಇವನು ವಿವರಿಸಿದರೆ ಕೋಚ್ ನಂಬಲಿಲ್ಲ. ಶುಕ್ರವಾರ ಇನ್ನೊಬ್ಬನನ್ನು ಗೊತ್ತುಮಾಡುತ್ತಾರೆ. ಇವತ್ತು ಬುಧವಾರ.

ಯೂಸ್ಟ್ ಸಿಟ್ಟಾಗಿರಲಿಲ್ಲ. ಸಿಟ್ಟಾಗಿದ್ದರೆ ನಾನೂ ಎರಡು ಮಾತು ಜೋರು ಮಾಡಿ ತಪ್ಪಿಸಿಕೊಳ್ಳಬಹುದಿತ್ತು.

"ನಾನೂ ಕೂಗಿದ್ನಾ?" ಸುಧಾ ಕೇಳಿದಳು.

"ಎಲ್ಲರಿಗಿಂತ ಜೋರಾಗಿ" ಎಂದ ಯೂಸ್ಟ್.

"ಅಷ್ಟು ಓದಿದೀರಿ," ಸುಧಾ ನನ್ನ ಕಡೆ ತಿರುಗಿದಳು, "ವಾಲ್ಯೂಮ್ ಗುಂಡಿ ಎಲ್ಲಿದೆ ಅಂತ ಹೇಳ್ಕೊಡ್ಲಿಲ್ವಾ ನಿಮ್ ಕಾಲೇಜಲ್ಲಿ?"

ಹೊಸ ಟೇಪು ಮಾಡಿ ಕಳಿಸಲು ಸಮಯವಿಲ್ಲ. ಇಂಥ ಕಷ್ಟದಲ್ಲಿ ನಮ್ಮಂಥವರಿಗೆ ಹೊಳೆಯುವುದು ಒಂದೇ ದಾರಿ. ಜಾತಿಗೆ ಸರ್ಟಿಫಿಕೇಟು, ಜನ್ಮಕ್ಕೆ ಸರ್ಟಿಫಿಕೇಟು, ನಡತೆಗೆ ಸರ್ಟಿಫಿಕೇಟು ತೋರಿಸಿ ಬೆಳೆದವನು ನಾನು. ಕಂಪ್ಯೂಟರಿನ ಮುಂದೆ ಕೂತು ಒಂದು ಸರ್ಟಿಫಿಕೇಟು ಬರೆದೆ. ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಯಾರಿಗೆ ಸಂಬಂಧಪಟ್ಟಿದೆಯೋ ಅವರಿಗೆ. ಈ ಮೂಲಕ ದೃಢೀಕರಿಸುವುದೇನೆಂದರೆ, ಕರ್ನಾಟಕ ರಾಜ್ಯದ ಮಂಡ್ಯ, ಹಾಸನ, ಧಾರವಾಡ ಮುಂತಾದ ಜಿಲ್ಲೆಗಳಲ್ಲಿ ಲಿಫ್ಟ್ ಎಂಬ ಶಬ್ದವು ತಪ್ಪನ್ನು ಸೂಚಿಸದೆ, ಚೆಂಡನ್ನು ಎತ್ತಿಕೊಡಬೇಕೆಂಬ ವಿನಂತಿಯನ್ನು ಸೂಚಿಸುತ್ತದೆ. ಸದರಿ ಟೇಪಿನಲ್ಲಿ ಕೇಳಿಬರುವ ಸಮಸ್ತ ಕೂಗುಗಳೂ ವಿನಂತಿಗಳೇ. ಸದರಿ ಆಟಗಾರರ ನಡತೆ ಹಾಗೂ ಕೈ ನಮಗೆ ತಿಳಿದ ಮಟ್ಟಿಗೆ ಉತ್ತಮವಾಗಿವೆ.

ಕೆಳಗೆ ಎಂಟು ಸಹಿ, ಎಲ್ಲರ ಹೆಸರಿನ ಮುಂದೆ ಡಿಗ್ರಿ. ಬಿ.ಇ. ಐದು, ಎಂ.ಟೆಕ್. ಎರಡು. ಕೊನೆಗೆ ಸುಧಾಳ ಕೈಗೆ ಪೆನ್ನು ಕೊಟ್ಟೆ. ಅವಳು ಹೆಸರು ಬರೆದು, ಒಂದು ಕ್ಷಣ ತಡೆದು, ಮುಂದೆ ಎಂ.ಎಸ್ಸಿ. ಎಂದು ಬರೆದಳು. ಈ ದೇಶಕ್ಕೆ ಬಂದ ಮೇಲೆ ಅವಳು ಅದನ್ನು ಬರೆದದ್ದು ಅದೇ ಮೊದಲು. ಚುಕ್ಕಿಗಳನ್ನು ಬಲು ಒತ್ತಿ ಇಟ್ಟಳು, ಕಾಗದ ತೂತಾಯಿತು.

"ಶಿಕ್ಕಾ ಎಲ್ಲೈತಿ?" ಬಸವರಾಜ ಕಾಗದವನ್ನು ಬೆಳಕಿಗೆ ಹಿಡಿದ. "ಶಿಕ್ಕಾ ಇಲ್ಲದ ಸರ್ಟಿಫಿಕೇಟ್ ಯಾಂವ ನಂಬತಾನಲೇ?" ಎಂದು ತನ್ನ ಆಫೀಸಿಗೆ 'ಪರಿಶೀಲಿಸಲಾಗಿದೆ' ಎಂಬ ಮೊಹರು ಹುಡುಕಿಕೊಂಡು ಹೋದ. ವಾಪಸ್ಸು ಬಂದ ಪರದೆಗಳ ಮೇಲೆ ಒತ್ತುವುದಕ್ಕೆ ಇಟ್ಟುಕೊಂಡದ್ದು. ಎರಡು ಕಡೆ ಒತ್ತಿ, ಗುರುವಾರ ಬೆಳಿಗ್ಗೆ ಫ್ಯಾಕ್ಸ್ ಮಾಡಿದೆವು.

ಶುಕ್ರವಾರ ನನಗೆ ಆಫೀಸಿನಲ್ಲಿ ಕೈ ಓಡಲಿಲ್ಲ. ಸುಧಾ ಮೂರು ಸಲ ಫೋನ್ ಮಾಡಿ, "ಏನಾದ್ರೂ ಗೊತ್ತಾಯ್ತಾ?" ಎಂದು ಕೇಳಿದಳು. ಗೊತ್ತಾದರೆ ಅವಳಿಗೇ ಮೊದಲು ಗೊತ್ತಾಗಬೇಕು, ಆದರೂ ಕೇಳಿದಳು.

ಶನಿವಾರ ಬೆಳಿಗ್ಗೆ ಯೂಸ್ಟ್ ಹೆಂಡತಿ ಮಗುವಿನ ಸಮೇತ ಪಾರ್ಕಿಗೆ ಬಂದ. ಅವನ ಮುಖದಿಂದ ಏನೂ ಗೊತ್ತಾಗಲಿಲ್ಲ, ಅದು ಬಹಳ ಮೇಲಿತ್ತು. ನಾವೆಲ್ಲ ಸುತ್ತುವರಿದೆವು.

"ಸೋಮವಾರ ಹೊರಡುತ್ತೇನೆ" ಎಂದ.

ಸುಧಾ ಮೊದಲು ಕಿರುಚಿದಳು, ಆಮೇಲೆ ಯಾಕೋ ಕಾರಿನ ಕಡೆ ಹೋಗಿ ಮಗುವಿನ ಚೀಲದಲ್ಲಿ ಏನನ್ನೋ ಹುಡುಕುತ್ತಾ ಬಹಳ ಹೊತ್ತು ಅಲ್ಲೇ ನಿಂತಿದ್ದಳು.

"ನನ್ನ ಸರ್ಟಿಫಿಕೇಟು ಕೆಲಸ ಮಾಡಿತು!" ಎಂದೆ ನಾನು.

ಯೂಸ್ಟ್ ಕೆಮ್ಮಿದ. ಸರ್ಟಿಫಿಕೇಟನ್ನು ಕೋಚ್ ಕ್ಲಬ್ಬಿನ ಕಾಫಿ ಮಷೀನಿನ ಮೇಲೆ ಅಂಟಿಸಿದ್ದಾನಂತೆ. ಇಡೀ ತಂಡ ಓದಿ ನಕ್ಕಿತಂತೆ. ಆದರೆ ನಂಬಿದ್ದು ಅದನ್ನು ನೋಡಿ ಅಲ್ಲ. ಇಂಥ ಕಾಗದ ಬರೆಯುವ ಜನ ಯಾರಪ್ಪಾ ಎಂಬ ಕುತೂಹಲಕ್ಕೆ ಟೇಪನ್ನು ಮತ್ತೊಮ್ಮೆ ಹಾಕಿ, ಈ ಸಲ ಧ್ವನಿ ಮುಚ್ಚಿ ನೋಡಿದನಂತೆ. ನೋಡಿ ಫೋನ್ ಮಾಡಿ ಹೇಳಿದನಂತೆ: "ಆ ನೇರಳೆ ಅಂಗಿಯ ಹೊಟ್ಟೆಯವನು ಹಾರುವುದೇ ಇಲ್ಲ. ನಿಂತಲ್ಲೇ ಕೈ ಬೀಸುತ್ತಾನೆ. ಆದರೂ ಅರ್ಧ ಗಂಟೆಯಲ್ಲಿ ಮೂವತ್ತು ಸಲ ಹೊಡೆದಿದ್ದಾನೆ. ಅವನ ಕೈಗೆ ಚೆಂಡು ಮುಟ್ಟಿಸುವವನು ನನ್ನ ಹುಡುಗರ ಕೈಯಲ್ಲಿ ಏನು ಮಾಡಿಸಲಾರ? ಬಾ."

ಎಲ್ಲರೂ ಬಸವರಾಜನನ್ನು ನೋಡಿದೆವು. ಬಸವರಾಜ ಹಿಂದೆ ತಿರುಗಿ ನೋಡಿದ, ಅಲ್ಲಿ ಯಾರೂ ಇರಲಿಲ್ಲ.

"ನನಗ ಅಂದಾನೇನು?" ಎಂದ. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು, ಬಹಳ ಘನತೆಯಿಂದ, "ಅಡ್ಡಿಯಿಲ್ಲ. ನಮ್ಮ ಹೊಟ್ಟಿಯಿಂದ ಇನ್ನೊಬ್ಬರ ಹೊಟ್ಟಿ ತುಂಬಿತು ಅಂದ್ರ ಅದೂ ಪುಣ್ಯದ ಕೆಲಸನ" ಎಂದ.

ಯೂಸ್ಟ್ ಆ ಸೀಸನ್ ಪೂರ್ತಿ ಆಡಿದ. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಂತೆ. ಕೊನೆಯ ಮ್ಯಾಚಿಗೆ ಬಸ್ ಡ್ರೈವರ್ ಅಪ್ಪ ಬಂದು ಇಬ್ಬರು ರೆಫರಿಗಳನ್ನೂ ಬೈದು ಹೋದರಂತೆ. ಮೊಣಕಾಲು ಮಾತ್ರ ಮುಂದಿನ ಸೀಸನ್ನಿಗೆ ಒಪ್ಪಲಿಲ್ಲ. ಆದರೆ ತೆಗೆದುಹಾಕಿಸಿಕೊಂಡು ಬಿಡುವುದು ಬೇರೆ, ಆಡಿ ಮುಗಿಸಿ ತಾನಾಗಿ ಬಿಡುವುದು ಬೇರೆ ಎಂದು ಕಾರ್ಡಿನಲ್ಲಿ ಬರೆದಿದ್ದ. ಅದನ್ನು ಸುಧಾ ಫ್ರಿಜ್ಜಿನ ಮೇಲೆ ಅಂಟಿಸಿಕೊಂಡಿದ್ದಳು, ತನಗೆ ಕೆಲಸ ಮಾಡುವ ಪರವಾನಗಿ ಬರುವವರೆಗೂ.

ಅವನು ಹೋದ ಮುಂದಿನ ಶನಿವಾರ ನಾನು ಮತ್ತೆ ಬಲೆಯ ಪಕ್ಕ ನಿಂತೆ. ಮೊದಲನೆಯದನ್ನು ಎತ್ತಿಕೊಟ್ಟೆ. ಬಸವರಾಜ ಓಡಿಬಂದ, ಕೈ ಬೀಸಿದ, ಗಾಳಿಯನ್ನು ಹೊಡೆದ. ಎರಡನೆಯದು ಅವನ ಕಿವಿಗೆ ಬಡಿಯಿತು. ಮೂರು, ನಾಲ್ಕು, ಐದು. ಅವನು ಬಲೆಯನ್ನು ಹಿಡಿದುಕೊಂಡು, ಏದುಸಿರು ಬಿಡುತ್ತಾ, ನನ್ನ ಎರಡೂ ಕೈಗಳನ್ನು ಅಂಗಡಿಯಲ್ಲಿ ಬದನೆಕಾಯಿ ನೋಡುವ ಹಾಗೆ ತಿರುಗಿಸಿ ನೋಡಿದ.

"ಓದಿ ಓದಿ ಎಂಥಾ ಛಲೋ ಕೈ ಕೆಡಿಸ್ಕೊಂಡಿಯಲೋ, ಇಂಜಿನಿಯರ" ಎಂದ.

ನನ್ನ ಓದನ್ನು ಅದುವರೆಗೆ ಯಾರೂ ಹಾಗೆ ಬೈದಿರಲಿಲ್ಲ. ಚೆಂಡು ಕಾಲ ಬಳಿ ಬಿದ್ದಿತ್ತು. ಬಗ್ಗಿ ಎತ್ತಿಕೊಂಡೆ. ಆ ದಿನ ನಾನು ಸರಿಯಾಗಿ ಎತ್ತಿದ್ದು ಅದೊಂದು ಸಲವೇ.